ಕಾಣದ ಮೈಗೆ ಬಣ್ಣ

ಹಳೆಯ ಟ್ರ್ಯಾಕ್ಟರಿಗೆ ಹೊಸ ಟೈರು ಹಾಕಿಸುವ ದಿನ, ಸವೆದ ಟೈರನ್ನು ಕಳಚಿದ ಮೇಲೆ ನೆಲದ ಮೇಲೆ ಬರಿಮೈಯಾಗಿ ಬಿದ್ದಿರುವ ರಿಮ್ಮಿಗೆ ಬಣ್ಣ ಬಳಿಸಬೇಕೆ ಬೇಡವೆ, ಬಳಿಸುವುದಾದರೆ ಅದರ ಯಾವ ಭಾಗಕ್ಕೆ, ಎಂಬ ಪ್ರಶ್ನೆಯು ವಿಚಾರಪರರ ಗಮನಕ್ಕೆ ಅರ್ಹವೆಂದು ಮೊದಲ ನೋಟಕ್ಕೆ ಯಾರಿಗೂ ತೋರಲಾರದು. ಟೈರಿನ ಅಂಗಡಿಯ ಮುಂದೆ ಅದಕ್ಕೆ ಸಿದ್ಧವಾದ ಉತ್ತರವೊಂದುಂಟು: “ಒಳಗಿಂದು ಯಾರಿಗ್ರೀ ಕಾಣ್ತದ? ಟೈರ್ ಏರಿಸಿದ ಮ್ಯಾಲೆ ಹೊರಗ ಒಂದು ಕೈ ಸಿಲ್ವರ್ ಹೊಡೆದ್ರ ಆತು.” ಹೀಗೆ ಹೇಳುವವನು ಸೋಮಾರಿಯೂ ಅಲ್ಲ, ಮೋಸಗಾರನೂ ಅಲ್ಲ, ಬಣ್ಣವೆಂಬುದು ನೋಡುವವರ ಕಣ್ಣಿಗಾಗಿ ಇರತಕ್ಕದ್ದು ಎಂಬ, ನಮ್ಮಲ್ಲಿ ಬಹುಮಂದಿಗೆ ಸಹಜವಾಗಿರುವ ಭಾವನೆಯಿಂದ ಅವನು ಮಾತನಾಡುತ್ತಿದ್ದಾನೆ. ಆ ಭಾವನೆಯೇ ತಪ್ಪೆಂಬುದು ನನ್ನ ವಾದ. ರಿಮ್ಮಿನ ವಿಷಯದಲ್ಲಿ, ಕಾಣುವ ಮೈಗೆ ಬಣ್ಣವಿಲ್ಲದಿದ್ದರೆ ಹೇಗೋ ನಡೆದೀತು. ಕಾಣದ ಮೈಗೆ ಇಲ್ಲದಿದ್ದರೆ ನಡೆಯದು. ಆ ಕಾಣದ ಮೈಯಾದರೋ ಪೂರ್ತಿಯಾಗಿ ನಮ್ಮ ಕೈಗೆ ಸಿಕ್ಕುವುದು, ಒಂದು ಜೊತೆ ಟೈರು ಇಳಿದು ಮತ್ತೊಂದು ಜೊತೆ ಏರುವ ನಡುವಣ ಅಲ್ಪಾವಕಾಶದಲ್ಲಿ ಮಾತ್ರ.

ಇದು ಯಾವಾಗಲೂ ಹೀಗಿರಲಿಲ್ಲ. ಟ್ರ್ಯಾಕ್ಟರಿನ ಮೊದಲ ತಲೆಮಾರುಗಳಿಗೆ ರಬ್ಬರಿನ ಟೈರೇ ಇರಲಿಲ್ಲ. ಕಬ್ಬಿಣದ ಗಾಲಿ, ಅದರ ಹೊರಸುತ್ತಿಗೆ ನೆಲವನ್ನು ಕಚ್ಚುವ ಹಲ್ಲುಗಳು, ಇಷ್ಟೇ. 1932ರಲ್ಲಿ ಅಮೆರಿಕದ ಅಲಿಸ್-ಚಾಲ್ಮರ್ಸ್ ಕಂಪನಿಯು ತನ್ನ ‘ಯು’ ಮಾದರಿಯ ಟ್ರ್ಯಾಕ್ಟರಿಗೆ ಫೈರ್‌ಸ್ಟೋನ್ ಕಂಪನಿಯ ವಿಮಾನದ ಟೈರುಗಳನ್ನು ತೊಡಿಸಿ ವಿಸ್ಕಾನ್ಸಿನ್ ರಾಜ್ಯದ ಹೊಲವೊಂದರಲ್ಲಿ ಓಡಿಸಿ ನೋಡಿತು. ಮರುವರ್ಷ ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಹೆಸರಾಂತ ಮೋಟಾರು ಪಂದ್ಯಗಾರನು ಅಂಥದೊಂದು ಟ್ರ್ಯಾಕ್ಟರನ್ನು ಗಂಟೆಗೆ 60 ಮೈಲಿಗೂ ಮಿಗಿಲಾದ ವೇಗದಲ್ಲಿ ಓಡಿಸಿ ರೈತರನ್ನು ಬೆರಗುಗೊಳಿಸಿದನು. ರಬ್ಬರಿನ ಟೈರಿನಿಂದ ಆದ ಉಪಕಾರಗಳು ಸರ್ವವಿದಿತ. ಅದರ ಒಂದು ಪರಿಣಾಮ ಮಾತ್ರ ಯಾರ ಗಮನಕ್ಕೂ ಬಾರದೆ ಹೋಯಿತು. ಅದುವರೆಗೆ ಗಾಲಿಯ ಕಬ್ಬಿಣವೆಲ್ಲ ಬಯಲಿನಲ್ಲಿತ್ತು; ಉಳುವ ನೆಲವೇ ಅದನ್ನು ದಿನವೂ ಉಜ್ಜುತ್ತಿತ್ತು, ಬಿಸಿಲು ಒಣಗಿಸುತ್ತಿತ್ತು, ಎಲ್ಲಿ ಸವೆದಿದೆ ಎಲ್ಲಿ ಬಿರಿದಿದೆ ಎಂಬುದು ಹಾದುಹೋಗುವವನಿಗೂ ಕಾಣುತ್ತಿತ್ತು. ರಬ್ಬರು ಬಂದೊಡನೆ ಆ ಕಬ್ಬಿಣದ ಒಂದು ಮೈ ಒಳಕ್ಕೆ ಸರಿದು, ಬೆಳಕು ಬೀಳದ, ಒಮ್ಮೆ ಒದ್ದೆಯಾದರೆ ಬೇಗ ಒಣಗದ, ವರ್ಷಗಟ್ಟಲೆ ಯಾರೂ ಇಣುಕದ ಸಂದಾಯಿತು.

ರಿಮ್ಮೆಂಬುದು ದಪ್ಪ ಉಕ್ಕಿನ ತಗಡನ್ನು ಸುತ್ತಿ ಬೆಸೆದ ಬಳೆ. ನಡುವೆ ತಗ್ಗು, ತಗ್ಗಿನ ಎರಡು ಬದಿಗೆ ಟೈರಿನ ಅಂಚು ಕೂರುವ ಜಗಲಿ, ಅದರಾಚೆಗೆ ಮೇಲೆದ್ದ ತುಟಿ. ನಮ್ಮ ಹಳೆಯ ಟ್ರ್ಯಾಕ್ಟರುಗಳಲ್ಲಿ ಅನೇಕವಕ್ಕೆ ಈ ಬಳೆಯೇ ಬೇರೆ, ಅದನ್ನು ಅಚ್ಚಿನ ತುದಿಯ ಹಬ್ಬಿಗೆ ಹಿಡಿದಿಡುವ ಡಿಸ್ಕೇ ಬೇರೆ. ಬೆಳೆಯ ಸಾಲಿಗೆ ತಕ್ಕಂತೆ ಗಾಲಿಗಳ ನಡುವಣ ಅಂತರವನ್ನು ಹಿಗ್ಗಿಸಿ ಕುಗ್ಗಿಸಲು ಅನುಕೂಲವಾಗಲೆಂದು ಎರಡನ್ನೂ ಬೋಲ್ಟುಗಳಿಂದ ಕೂಡಿಸಿರುತ್ತಾರೆ. ಒಳಗೆ ಟ್ಯೂಬು ಇರುವುದರಿಂದ ಗಾಳಿಯನ್ನು ಹಿಡಿದಿಡುವ ಹೊಣೆ ರಿಮ್ಮಿನದಲ್ಲ; ಅಂತೆಯೇ ಹೊರಗಿನ ನೀರನ್ನು ತಡೆಯುವ ಹೊಣೆಯನ್ನೂ ಅದಕ್ಕೆ ಯಾರೂ ವಹಿಸಿಲ್ಲ. ವಾಲ್ವಿನ ತೂತಿನಿಂದಲೂ ಟೈರಿನ ಅಂಚಿನ ಸಂದಿನಿಂದಲೂ ಜಿನುಗಿ ಒಳಹೊಕ್ಕ ನೀರು ಟ್ಯೂಬಿಗೂ ಉಕ್ಕಿಗೂ ನಡುವೆ ಸಿಕ್ಕಿಕೊಂಡು, ಹೊರಗೆ ಎಂಥ ಬೇಸಿಗೆ ಬಂದರೂ ಅದರ ಸುಳಿವಿಲ್ಲದೆ ಅಲ್ಲಿಯೇ ನಿಲ್ಲುತ್ತದೆ.

ಆ ನೀರು ಎಂಥದೆಂಬುದನ್ನು ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ನೋಡಬೇಕು. 1953ರಲ್ಲಿ ನೀರು ನಿಂತ ಆ ಅಣೆಕಟ್ಟೆಯ ದೆಸೆಯಿಂದ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯ ಎರೆನೆಲವು ಭತ್ತದ ಬೀಡಾಯಿತು. ಭತ್ತದ ಬೆನ್ನ ಹಿಂದೆಯೇ ಜೌಗೂ ಸವುಳೂ ಬಂದುವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ನೆಲದ ಸುಧಾರಣೆಯು ದಶಕಗಳಿಂದ ಅಧ್ಯಯನದ ವಿಷಯವಾಗಿದೆಯೆಂದರೆ ಉಪ್ಪಿನ ಬಾಧೆ ಅಲ್ಲಿ ಎಷ್ಟು ಮಟ್ಟಿನದೆಂಬುದು ತಿಳಿಯುತ್ತದೆ. ಕೆಸರಿಗೆಂದೇ ಮಾಡಿದ ಕಬ್ಬಿಣದ ಕೇಜ್ ವೀಲು ಕಟ್ಟಿಕೊಂಡು ಗದ್ದೆಗಿಳಿದ ಟ್ರ್ಯಾಕ್ಟರು ದಿನಗಟ್ಟಲೆ ಆ ಕೆಸರಿನಲ್ಲಿ ಹೊರಳುತ್ತದೆ. ಮೇಲೆ ಹಾಕಿದ ಪೊಟ್ಯಾಷ್ ಗೊಬ್ಬರವೂ ಲವಣವೇ ಆದುದರಿಂದ ಅದೂ ಆ ನೀರಿನಲ್ಲಿ ಕರಗಿ ಸೇರುತ್ತದೆ. ತುಕ್ಕು ಹಿಡಿಯುವುದು ಮೂಲತಃ ವಿದ್ಯುತ್ತಿನ ಸಂಚಾರವಿರತಕ್ಕ ರಾಸಾಯನಿಕ ಕ್ರಿಯೆ. ಉಪ್ಪು ಕಲೆತ ನೀರಿನಲ್ಲಿ ಈ ಸಂಚಾರ ಸರಾಗ; ಜೊತೆಗೆ ಉಪ್ಪಿಗೆ ತೇವವನ್ನು ಹಿಡಿದಿಟ್ಟುಕೊಳ್ಳುವ ಗುಣವೂ ಉಂಟು. ಆದಕಾರಣ ಒಣಬೇಸಾಯದ ನಾಡಿನಲ್ಲಿ ಮೂರು ಜೊತೆ ಟೈರು ಕಾಣುವ ರಿಮ್ಮು ಇಲ್ಲಿ ಎರಡನೆಯ ಜೊತೆಗೇ ಜರಡಿಯಾದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೊರಗಿನ ನೀರು ಸಾಲದೆಂಬಂತೆ ಒಳಗೂ ನಾವೇ ನೀರು ತುಂಬುತ್ತೇವೆ. ನೇಗಿಲೆಳೆಯುವಾಗ ಹಿಂದಿನ ಗಾಲಿ ಜಾರದಿರಲೆಂದು ಟ್ಯೂಬಿನ ಮುಕ್ಕಾಲು ಪಾಲು ನೀರು ಹೊಡೆಸುವ ಪದ್ಧತಿ ಬಹಳ ಕಡೆ ರೂಢಿಯಲ್ಲಿದೆ, 13.6-28 ಅಳತೆಯ ಟೈರೊಂದಕ್ಕೆ ಹೀಗೆ 150 ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಬೋರಿನ ನೀರು ಸವುಳಾಗಿದ್ದರೂ ಅದನ್ನೇ ಹೊಡೆಸುವುದುಂಟು. ಟ್ಯೂಬು ನೆಟ್ಟಗಿರುವವರೆಗೆ ಈ ನೀರಿಗೂ ರಿಮ್ಮಿಗೂ ಸಂಬಂಧವಿಲ್ಲ. ಆದರೆ ವಾಲ್ವಿನ ಬುಡ ಸಡಿಲವಾದರೆ, ಅಥವಾ ಎಲ್ಲಿಯೋ ಸಣ್ಣ ಸೋರಿಕೆ ಹುಟ್ಟಿದರೆ, ಅದು ಹನಿಹನಿಯಾಗಿ ಇಳಿದು ವಾಲ್ವಿನ ತೂತಿನ ಸುತ್ತ ಕೂಡುತ್ತದೆ. ಹಿಮ ಬೀಳುವ ದೇಶಗಳ ರೈತರು, ಟೈರಿನೊಳಗಿನ ನೀರು ಹೆಪ್ಪುಗಟ್ಟದಿರಲೆಂದು ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡನ್ನು ಬೆರೆಸುತ್ತಿದ್ದರು. ಅಮೆರಿಕ ಕೆನಡಾಗಳ ಹಳೆಯ ಟ್ರ್ಯಾಕ್ಟರುಗಳ ರಿಮ್ಮುಗಳಲ್ಲಿ ಲೆಕ್ಕವಿಲ್ಲದಷ್ಟನ್ನು ತಿಂದುಹಾಕಿದ್ದು ಈ ಲವಣವೇ. ಅಲ್ಲಿನವರು ಚಳಿಯ ನಿರ್ಬಂಧದಿಂದ ಮಾಡಿದುದನ್ನು ನಾವು ಯಾವ ನಿರ್ಬಂಧವೂ ಇಲ್ಲದೆ ಮಾಡುತ್ತಿದ್ದೇವೆ.

ಟೈರು ಕಳಚುವ ಹೊತ್ತಿಗೆ ಹತ್ತಿರ ನಿಂತು ನೋಡಿದರೆ ಈ ಚರಿತ್ರೆಯೆಲ್ಲ ಕಣ್ಣಿಗೆ ಕಾಣುತ್ತದೆ. ಲಿವರಿಗೆ ಬಗ್ಗದ ಅಂಚನ್ನು ಹಾರೆ ಕೊಟ್ಟು ಎಬ್ಬಿಸಬೇಕಾಗುತ್ತದೆ; ತುಕ್ಕು ಉಬ್ಬಿ ರಬ್ಬರನ್ನೂ ಉಕ್ಕನ್ನೂ ಒಂದಕ್ಕೊಂದು ಬೆಸೆದುಬಿಟ್ಟಿರುತ್ತದೆ. ಕಬ್ಬಿಣವು ತುಕ್ಕಾದಾಗ ಮೊದಲಿದ್ದುದರ ಎರಡರಷ್ಟಕ್ಕೂ ಹೆಚ್ಚು ಜಾಗವನ್ನು ಆಕ್ರಮಿಸುವುದು ಇದಕ್ಕೆ ಕಾರಣ. ಟೈರು ಹೊರಬಂದೊಡನೆ ರಿಮ್ಮಿನ ತಗ್ಗಿನಿಂದ ಹಿಡಿಹಿಡಿಯಾಗಿ ಕಂದು ಚಕ್ಕೆಗಳು ಸುರಿಯುತ್ತವೆ. ಬಯಲಿನಲ್ಲಿರುವ ಭಾಗವನ್ನು ಸುತ್ತಿಗೆಯಿಂದ ತಟ್ಟಿದರೆ ಖಣಿಲೆನ್ನುತ್ತದೆ. ವಾಲ್ವಿನ ತೂತಿನ ಆಸುಪಾಸಿನಲ್ಲಿ ತಟ್ಟಿದರೆ ಅದೇ ಉಕ್ಕು ದಬ್ಬೆನ್ನುತ್ತದೆ, ಒಮ್ಮೊಮ್ಮೆ ಸುತ್ತಿಗೆಯ ಮೂತಿ ಆಚೆಗೇ ತೂರುತ್ತದೆ. ಟ್ಯೂಬಿನ ಒಳಸುತ್ತು ಕೆಂಪಗೆ ಕರೆಗಟ್ಟಿ, ಅಲ್ಲಲ್ಲಿ ಉಜ್ಜಿ ಉಜ್ಜಿ ತೆಳ್ಳಗಾಗಿರುತ್ತದೆ. ಇಲ್ಲಿ ಒಂದು ಸೂಕ್ಷ್ಮವುಂಟು. ಟ್ಯೂಬು ಪಂಕ್ಚರಾದಾಗ ಎಲ್ಲರೂ ಮುಳ್ಳನ್ನೂ ಮೊಳೆಯನ್ನೂ ಹುಡುಕುತ್ತಾರೆ, ಸಿಕ್ಕದಿದ್ದರೆ ಟ್ಯೂಬು ಕಳಪೆಯೆಂದು ಅಂಗಡಿಯವನನ್ನು ಬೈಯುತ್ತಾರೆ. ತೂತು ಟ್ಯೂಬಿನ ಯಾವ ಮೈಯಲ್ಲಿದೆಯೆಂದು ನೋಡುವವರು ವಿರಳ. ನೆಲದ ಕಡೆಯ ಮೈಯಲ್ಲಿದ್ದರೆ ಅಪರಾಧಿ ಮುಳ್ಳಿರಬಹುದು. ರಿಮ್ಮಿನ ಕಡೆಯ ಮೈಯಲ್ಲಿದ್ದರೆ ಅದು ಮುಳ್ಳಿನ ಕೆಲಸವಾಗಲಾರದು. ಚಕ್ಕೆಯೆದ್ದ ತುಕ್ಕಿನ ಕೆಲಸ, ಇಲ್ಲವೆ ಏರಿಸುವಾಗ ಚಿವುಟಿದ ಲಿವರಿನ ಕೆಲಸ. ಅಂಥ ರಿಮ್ಮಿನ ಮೇಲೆ ಹತ್ತಾರು ಸಾವಿರ ರೂಪಾಯಿಯ ಹೊಸ ಟೈರನ್ನೂ ಹೊಸ ಟ್ಯೂಬನ್ನೂ ಹಾಗೆಯೇ ಏರಿಸುವುದೆಂದರೆ, ಹಣ ತೆತ್ತು ತಂದ ವಸ್ತುವನ್ನು ಅದನ್ನು ಕೆಡಿಸತಕ್ಕ ವಸ್ತುವಿನ ಕೈಗೇ ಒಪ್ಪಿಸಿದಂತಾಯಿತು.

ಇದಕ್ಕೆ ಬರುವ ಆಕ್ಷೇಪಗಳು ನಿಸ್ಸಾರವಾದುವಲ್ಲ. ಟ್ರ್ಯಾಕ್ಟರೇ ಹಳೆಯದು, ಅದರ ಆಯುಸ್ಸೇ ಇನ್ನೆಷ್ಟು, ಅದರ ರಿಮ್ಮಿಗೆ ಇಷ್ಟೇಕೆ ಉಪಚಾರ, ಎಂಬುದು ಮೊದಲನೆಯದು. ಆದರೆ ಟ್ರ್ಯಾಕ್ಟರಿನ ಆಯುಸ್ಸನ್ನು ಅದರ ಕಂಪನಿಯ ಆಯುಸ್ಸಿನಿಂದಲೂ ಅಳೆಯಲಾಗುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ ಸಂಸ್ಥೆಯು 1971ರಲ್ಲಿ ಚೆಕೊಸ್ಲೊವಾಕಿಯದ ಝೆಟರ್ ಕಂಪನಿಯ ಸಹಕಾರದಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರು ತಯಾರಿಸತೊಡಗಿತು. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನು ಮುಚ್ಚಲು ನಿರ್ಧರಿಸಿತು. ಕಾರ್ಖಾನೆಗೆ ಬೀಗ ಬಿದ್ದ ಮಾತ್ರಕ್ಕೆ ಅಲ್ಲಿಂದ ಹೊರಬಂದ ಯಂತ್ರಗಳು ಉಳುವುದನ್ನು ನಿಲ್ಲಿಸಲಿಲ್ಲ. ಹಿಂದಿನ ಕಾಲದ ಟ್ರ್ಯಾಕ್ಟರಿನ ಎಂಜಿನ್ನು, ಗೇರುಪೆಟ್ಟಿಗೆಗಳನ್ನು ಹಳ್ಳಿಯ ಮೆಕ್ಯಾನಿಕ್ಕು ಬಿಚ್ಚಿ ಕಟ್ಟಬಲ್ಲನಾದುದರಿಂದ ಅದು ಒಬ್ಬ ಮಾಲೀಕನ ಕೈಯಿಂದ ಇನ್ನೊಬ್ಬನ ಕೈಗೆ ದಾಟುತ್ತ ಸಾಗುತ್ತದೆ. ಅಷ್ಟೇ ಅಲ್ಲ, ಇನ್ನು ಬಹುಕಾಲ ಬಾಳಲಾರದೆಂದು ನಿಜವಾಗಿ ನಂಬಿದವನು ಅದಕ್ಕೆ ಹೊಸ ಟೈರನ್ನಾದರೂ ಏಕೆ ತಂದಾನು? ಹೊಸ ಟೈರನ್ನು ಕೊಂಡವನು, ಟ್ರ್ಯಾಕ್ಟರು ಆ ಟೈರು ಸವೆಯುವವರೆಗಾದರೂ ನಡೆಯುತ್ತದೆಂದು ಒಪ್ಪಿಕೊಂಡ ಹಾಗಾಯಿತು. ಒಪ್ಪಿಕೊಂಡ ಮೇಲೆ ಆ ಅವಧಿಗೆ ರಿಮ್ಮು ತಾಳಬೇಕೆಂಬುದನ್ನೂ ಅವನು ಒಪ್ಪಲೇಬೇಕು.

ಸಮಯದ ಆಕ್ಷೇಪ ಇದಕ್ಕಿಂತ ಬಲವಾದುದು. ಬಿತ್ತನೆಯ ಹದ ಬಂದಿದೆ, ಟ್ರ್ಯಾಕ್ಟರು ಬಾಡಿಗೆಗೆ ಹೋಗಬೇಕು, ಜಾಕಿನ ಮೇಲೆ ಅದನ್ನು ನಾಲ್ಕು ದಿನ ನಿಲ್ಲಿಸಿದರೆ ಹಂಗಾಮಿನ ಸಂಪಾದನೆಯೇ ಹೋದೀತು. ಈ ಮಾತನ್ನು ಆಡುವ ರೈತನೊಡನೆ ನಾನು ವಾದಿಸಲಾರೆ. ಆದರೆ ಟೈರು ಒಂದು ರಾತ್ರಿಯಲ್ಲಿ ಸವೆಯತಕ್ಕ ವಸ್ತುವಲ್ಲ. ಅದರ ಗುಬ್ಬಿಗಳು ನೆಲಕ್ಕೆ ಸಮನಾಗುತ್ತಿರುವುದನ್ನು ಒಡೆಯನು ಒಂದು ವರ್ಷ ಮುಂಚಿನಿಂದ ನೋಡುತ್ತಿರುತ್ತಾನೆ. ಕಾಲುವೆಗೆ ನೀರು ನಿಂತು, ಬೇಸಿಗೆ ಬೆಳೆಯ ಕಟಾವು ಮುಗಿದು, ಮುಂಗಾರಿನ್ನೂ ಬಾರದಿರುವ ವಾರಗಳು ಅಚ್ಚುಕಟ್ಟಿನಲ್ಲಿ ಇದ್ದೇ ಇವೆ. ಬಣ್ಣ ಚೆನ್ನಾಗಿ ಒಣಗುವ ಕಾಲವೂ ಅದೇ. ಆ ವಾರಗಳನ್ನು ಬಿಟ್ಟು, ಮಳೆ ಬಿದ್ದ ಮರುದಿನ ಟೈರಿನಂಗಡಿಗೆ ಓಡಿದರೆ ಅವಸರವು ಅನಿವಾರ್ಯವಾಗುತ್ತದೆ ನಿಜ. ಆದರೆ ಆ ಅನಿವಾರ್ಯತೆ ಕೆಲಸದ ಸ್ವಭಾವದಿಂದ ಬಂದುದಲ್ಲ. ಇನ್ನು, ಲಿವರು ಹಾಕಿ ಟೈರು ಏರಿಸುವಾಗ ಬಣ್ಣವೆಲ್ಲ ಕೆತ್ತಿಹೋಗುತ್ತದೆಂಬ ಮಾತುಂಟಲ್ಲ, ಅದು ಅರ್ಧ ಮಾತ್ರ ಸತ್ಯ. ಲಿವರು ಕೆತ್ತುವುದು ಹೊರಗೆ ಕಾಣುವ ತುಟಿಯನ್ನು. ಅಲ್ಲಿ ಬಿದ್ದ ಗೀರಿಗೆ ಸಂಜೆ ಕುಂಚ ಹಿಡಿದು ಮತ್ತೆ ಬಣ್ಣ ತಾಗಿಸಬಹುದು. ಒಳಗಿನ ತಗ್ಗಿಗೆ ಲಿವರು ಹೋಗುವುದೇ ಇಲ್ಲ.

ಬಣ್ಣದ ಅಂದವನ್ನು ನಾನು ಹೀಗಳೆಯುತ್ತಿದ್ದೇನೆಂದು ಯಾರೂ ಭಾವಿಸಬಾರದು. ಕಾರಹುಣ್ಣಿಮೆಯ ದಿನ ಎತ್ತಿನ ಕೊಂಬನ್ನು ಹೆರೆದು ಬಣ್ಣ ಬಳಿದ ಜನವೇ ಆಯುಧಪೂಜೆಯ ಹಿಂದಿನ ದಿನ ಟ್ರ್ಯಾಕ್ಟರಿನ ಗಾಲಿಗೆ ಬಣ್ಣ ಬಳಿಯುತ್ತಾರೆ. ದುಡಿಮೆಯ ಜೊತೆಗಾರನನ್ನು ಸಿಂಗರಿಸಬೇಕೆಂಬ ಈ ಆಸೆಯಲ್ಲಿ ಗೌರವವಿದೆ, ಕೃತಜ್ಞತೆಯಿದೆ. ಒಂದೇ ವ್ಯತ್ಯಾಸ: ಕೊಂಬಿಗೆ ಬಣ್ಣ ಬಳಿಯುವ ಮುನ್ನ ಅದನ್ನು ಹೆರೆಯುವುದು ಸಂಪ್ರದಾಯದಲ್ಲಿ ಸೇರಿದೆ, ರಿಮ್ಮನ್ನು ಹೆರೆಯುವುದು ಸೇರಿಲ್ಲ. ಹಳೆಯ ತುಕ್ಕು, ಅದರ ಮೇಲೆ ಹೋದ ವರ್ಷದ ಸಿಲ್ವರು, ಅದರ ಮೇಲೆ ಈ ವರ್ಷದ್ದು, ಹೀಗೆ ಪದರದ ಮೇಲೆ ಪದರ ಕೂತು, ಕಡೆಗೆ ಎಲ್ಲವೂ ಒಟ್ಟಿಗೆ ಸಿಪ್ಪೆಯೆದ್ದು ಉದುರುತ್ತವೆ. ಸಿಪ್ಪೆಯ ಅಡಿಯಲ್ಲಿ ನೀರು ನಿಲ್ಲುವುದರಿಂದ, ಇಂಥ ಬಣ್ಣಕ್ಕಿಂತ ಬರಿಯ ಉಕ್ಕೇ ವಾಸಿಯೆಂದರೆ ಅತಿಶಯೋಕ್ತಿಯಾಗದು. ಬರಿಯ ಉಕ್ಕಿಗೆ ಒಣಗುವ ಅವಕಾಶವಾದರೂ ಇರುತ್ತದೆ.

ಹೊರಮೈಯ ಬಣ್ಣಕ್ಕೆ ಅಂದಕ್ಕಿಂತ ಮಿಗಿಲಾದ ಪ್ರಯೋಜನ ಒಂದುಂಟು. ಅದು ಬಣ್ಣದ ಛಾಯೆಗೆ ಸಂಬಂಧಿಸಿದ್ದು. ಟ್ರ್ಯಾಕ್ಟರಿನ ಗಾಲಿಗೆ ಯಾವ ಬಣ್ಣವೆಂಬ ವಿಷಯದಲ್ಲಿ ಕಂಪನಿಗಳಲ್ಲಿ ಎಂದೂ ಏಕಮತವಿಲ್ಲ. 1917ರಲ್ಲಿ ಹೊರಬಂದ ಫೋರ್ಡ್‌ಸನ್ನಿಗೆ ಬೂದು ಮೈ, ಕೆಂಪು ಗಾಲಿ. 1946ರಿಂದ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಫರ್ಗ್ಯುಸನ್ ಟಿಇ-20ಕ್ಕೆ ಮುಡಿಯಿಂದ ಅಡಿಯವರೆಗೆ ಬೂದು ಒಂದೇ. ಜಾನ್ ಡಿಯರಿನ ಹಸಿರಿಗೆ ಹಳದಿ ಗಾಲಿ ಇಂದಿಗೂ ಕುಲಚಿಹ್ನೆಯಾಗಿ ಉಳಿದಿದೆ. ಹಳೆಯ ಟ್ರ್ಯಾಕ್ಟರುಗಳನ್ನು ಪ್ರೀತಿಯಿಂದ ಕೂಡಿಡುವ ಪಾಶ್ಚಾತ್ಯ ಹವ್ಯಾಸಿಗಳು ಮೂಲದ ಛಾಯೆ ಕೂದಲೆಳೆಯಷ್ಟು ತಪ್ಪಿದರೂ ಸಹಿಸುವುದಿಲ್ಲ. ಮೆರವಣಿಗೆಗೆ ಮಾತ್ರ ಹೊರಬರುವ ಯಂತ್ರಕ್ಕೆ ಆ ನಿಷ್ಠೆ ಶೋಭಿಸುತ್ತದೆ. ದುಡಿಯುವ ಟ್ರ್ಯಾಕ್ಟರಿಗೆ ಬೇರೊಂದು ಪ್ರಮಾಣ ಬೇಕು: ಬಣ್ಣವು ದೋಷವನ್ನು ತೋರಿಸುವಂತಿರಬೇಕು. ಗಾಲಿಯ ನಟ್ಟು ಸಡಿಲವಾದಾಗ ಡಿಸ್ಕು ಅಲುಗಾಡಿ, ಉಕ್ಕು ಉಕ್ಕಿಗೆ ಉಜ್ಜಿ ಹುಟ್ಟಿದ ಕೆಂಪು ಪುಡಿಯು ನಟ್ಟಿನಿಂದ ಹೊರಮುಖವಾಗಿ ಗೆರೆಯೆಳೆಯುತ್ತದೆ. ಬೋಲ್ಟಿನ ತೂತಿನ ಬಳಿ ಬಿರುಕು ಹುಟ್ಟಿದರೂ ಅದರೊಳಗಿನ ತುಕ್ಕು ಹೀಗೆಯೇ ಗೆರೆಯಾಗಿ ಹೊರಚೆಲ್ಲುತ್ತದೆ. ಬಿಳಿ, ಕೆನೆ, ಬೆಳ್ಳಿ, ಹಳದಿ, ಈ ತಿಳಿಬಣ್ಣಗಳ ಮೇಲೆ ಆ ಗೆರೆ ಹತ್ತು ಮಾರು ದೂರದಿಂದ ಕಾಣುತ್ತದೆ. ಕಪ್ಪಿನ ಮೇಲೆ, ಗಾಢವಾದ ಕೆಂಪಿನ ಮೇಲೆ, ಮೂಗು ತಾಗಿಸಿ ನೋಡಿದರೂ ಕಾಣಲೊಲ್ಲದು. ಈಚೆಗೆ ಹುಡುಗರಲ್ಲಿ ಹಬ್ಬಿರುವ ಕರಿಯ ರಿಮ್ಮಿನ ಶೋಕಿಯನ್ನು ನಾನು ಮೆಚ್ಚದಿರುವುದು ಈ ಕಾರಣಕ್ಕಾಗಿ, ಮುಪ್ಪಿನ ಗೊಣಗಾಟದಿಂದಲ್ಲ.

ದೋಷವನ್ನು ತೋರಿಸುವ ಈ ಬಣ್ಣವೇ ದೋಷವನ್ನು ಮುಚ್ಚುವುದಕ್ಕೂ ಒದಗುತ್ತದೆ. ಹಳೆಯ ಟ್ರ್ಯಾಕ್ಟರುಗಳ ವ್ಯಾಪಾರದಲ್ಲಿ, ಮಾರುವುದಕ್ಕೆ ಮುನ್ನ ಟೈರನ್ನು ಕಳಚದೆಯೇ ಗಾಲಿಗೆ ಒಂದು ಕೈ ಬಣ್ಣ ಹೊಡೆಸುವುದು ಎಲ್ಲರೂ ಬಲ್ಲ ಉಪಾಯ. ಟೈರಿನ ಬದಿಯ ಮೇಲೆ ಬಿದ್ದ ಬೆಳ್ಳಿಯ ತುಂತುರೇ ಅದಕ್ಕೆ ಸಾಕ್ಷಿ. ಮಾರುವವನು ಇದನ್ನು ಮೋಸವೆಂದು ಬಗೆಯುವುದಿಲ್ಲ, ಹೆಣ್ಣು ತೋರಿಸುವಾಗ ಸೀರೆಯುಡಿಸಿದಷ್ಟು ಸಹಜವೆಂದುಕೊಳ್ಳುತ್ತಾನೆ. ಆದರೆ ಬಿರಿದ ಡಿಸ್ಕೂ ಸವೆದ ರಿಮ್ಮೂ ಕೇವಲ ಅಂದದ ದೋಷಗಳಲ್ಲ. ಕಬ್ಬಿನ ಹೇರು ಹೊತ್ತ ಟ್ರೇಲರನ್ನು ಎಳೆಯುತ್ತ ಇಳಿಜಾರಿನಲ್ಲಿರುವಾಗ ಗಾಲಿ ಕೈಕೊಟ್ಟರೆ ಆಗತಕ್ಕ ಅನರ್ಥಕ್ಕೆ ಬೆಲೆ ಕಟ್ಟುವವರಾರು? ಕೊಳ್ಳುವವನು ಹೊಸ ಬಣ್ಣವನ್ನು ಗುಣವೆಂದು ಎಣಿಸದೆ, ವಾಲ್ವಿನ ಬುಡಕ್ಕೂ ಬೋಲ್ಟುಗಳ ಸುತ್ತಲಿಗೂ ಒಂದು ಹಳೆಯ ಚೂರಿಯ ತುದಿಯನ್ನು ಒತ್ತಿ ನೋಡಬೇಕು. ಟೈರು ಕಳಚಿ, ಕೆರೆದು, ಬರಿಯ ಉಕ್ಕನ್ನು ಒಮ್ಮೆ ಸಂಪೂರ್ಣವಾಗಿ ಕಂಡು ಅನಂತರ ಬಳಿದ ಬಣ್ಣಕ್ಕೂ, ನೋಡದೆ ಬಳಿದ ಬಣ್ಣಕ್ಕೂ ಡಬ್ಬಿಯಲ್ಲಿ ಭೇದವಿಲ್ಲ. ಅದರ ಅರ್ಥದಲ್ಲಿ ಅಜಗಜಾಂತರವಿದೆ. ವಾಸ್ತವವಾಗಿ, ಬಣ್ಣಕ್ಕೆ ಪೂರ್ವಭಾವಿಯಾದ ಈ ಪರೀಕ್ಷೆಯೇ ಬಣ್ಣದ ಅರ್ಧ ಫಲವೆಂದು ನಾನು ತಿಳಿದಿದ್ದೇನೆ.

ಪರೀಕ್ಷೆಯಲ್ಲಿ ತೂತು ಸಿಕ್ಕಿದರೆ ಅನೇಕರು ವೆಲ್ಡಿಂಗ್ ಅಂಗಡಿಗೆ ಹೋಗುತ್ತಾರೆ. ತೂತು ಸಣ್ಣದಾಗಿ, ಸುತ್ತಣ ಉಕ್ಕು ಗಟ್ಟಿಯಾಗಿದ್ದರೆ ತೇಪೆ ನಿಂತೀತು. ಸುತ್ತಲೂ ತೆಳುವಾಗಿದ್ದರೆ ರಿಮ್ಮನ್ನೇ ಬದಲಿಸುವುದು ಮೇಲು, ಡಿಸ್ಕು ಬೇರೆಯಾಗಿರುವ ಗಾಲಿಗಳಲ್ಲಿ ಅದು ಅಸಾಧ್ಯವೇನೂ ಅಲ್ಲ. ಆದರೆ ಒಂದು ಮಾತನ್ನು ಇಲ್ಲಿ ಒತ್ತಿ ಹೇಳಲೇಬೇಕು. ಟೈರು ಏರಿರುವ ರಿಮ್ಮಿಗೆ, ಗಾಳಿ ಬಿಟ್ಟಿದ್ದರೂ ಕೂಡ, ಎಂದಿಗೂ ವೆಲ್ಡಿಂಗ್ ಮಾಡಿಸಬಾರದು. ಬಿಸಿಗೆ ಒಳಗಿನ ರಬ್ಬರು ಬೆಂದು ಹೊರಡಿಸುವ ಅನಿಲವು ಹೊತ್ತಿ ಟೈರು ಸಿಡಿಯಬಹುದು. ಹೀಗೆ ಸತ್ತವರು ಉಂಟು.

ಕೆಲಸದ ಕ್ರಮವನ್ನು ವಿವರವಾಗಿ ಹೇಳುವುದು ಈ ಲೇಖನದ ಉದ್ದೇಶವಲ್ಲ. ವಾದಕ್ಕೆ ಬೇಕಾದಷ್ಟನ್ನು ಹೇಳುತ್ತೇನೆ. ತಂತಿಯ ಬ್ರಷ್ಷಿನಿಂದ ಇಲ್ಲವೆ ಗ್ರೈಂಡರಿಗೆ ಸಿಕ್ಕಿಸಿದ ತಂತಿಚಕ್ರದಿಂದ ಸಡಿಲವಾದ ತುಕ್ಕನ್ನೆಲ್ಲ ತೆಗೆಯಬೇಕು. ತೀರ ಹಳೆಯ ಗಾಲಿಗಳ ಅಡಿಬಣ್ಣದಲ್ಲಿ ಸೀಸವಿರುವ ಸಂಭವವಿದೆಯಾದ ಕಾರಣ ಮೂಗು ಬಾಯಿಗೆ ಧೂಳು ತಡೆಯುವ ಮಾಸ್ಕು ಹಾಕಿಕೊಂಡು, ಅಂಥಲ್ಲಿ ಗ್ರೈಂಡರನ್ನು ಬಿಟ್ಟು ಕೈಬ್ರಷ್ಷಿನಿಂದ ನೀರು ಚಿಮುಕಿಸಿ ಉಜ್ಜುವುದು ಲೇಸು. ಎಷ್ಟು ಉಜ್ಜಿದರೂ ಕುಳಿಗಳ ತಳದಲ್ಲಿ ತುಕ್ಕು ಉಳಿದೇ ಉಳಿಯುತ್ತದೆ. ಅದಕ್ಕಾಗಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಕ್ಕುವ ತುಕ್ಕುನಿವಾರಕ ದ್ರಾವಣವನ್ನು ಬಳಿಯುತ್ತಾರೆ. ಇವುಗಳಲ್ಲಿ ಬಹಳಷ್ಟಕ್ಕೆ ಫಾಸ್ಫಾರಿಕ್ ಆಮ್ಲವೇ ಮೂಲ. ಅದು ತುಕ್ಕಿನೊಡನೆ ಕೂಡಿ ಕಬ್ಬಿಣದ ಫಾಸ್ಫೇಟಿನ ತೆಳುಪೊರೆಯಾಗಿ ಅಂಟಿಕೊಳ್ಳುತ್ತದೆ. ದೆಹಲಿಯ ಕಬ್ಬಿಣದ ಸ್ತಂಭವು ಗುಪ್ತರ ಕಾಲದಿಂದ ಇಂದಿನವರೆಗೆ ಮಳೆಬಿಸಿಲಿಗೆ ಮೈಯೊಡ್ಡಿ ನಿಂತಿರುವುದಕ್ಕೆ, ಕಾನ್ಪುರದ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಬಾಲಸುಬ್ರಮಣ್ಯಂ ಅವರು ಕಂಡುಕೊಂಡ ಕಾರಣವೂ ಇದಕ್ಕೆ ಬಂಧುವಾದುದೇ: ಆ ಕಾಲದ ಕಬ್ಬಿಣದಲ್ಲಿ ರಂಜಕದ, ಅಂದರೆ ಫಾಸ್ಫರಸ್ಸಿನ, ಅಂಶ ಹೆಚ್ಚು, ಅದರಿಂದ ಸ್ತಂಭದ ಮೈಮೇಲೆ ಫಾಸ್ಫೇಟಿನ ಕಾಪು ತಾನಾಗಿ ಬೆಳೆಯಿತು. ನಮ್ಮ ಕೊಡಚಾದ್ರಿಯ ಮೇಲೆ, ಮಲೆನಾಡಿನ ಆ ಜಡಿಮಳೆಯಲ್ಲಿ, ಮೂಕಾಂಬಿಕೆಯ ಗುಡಿಯ ಮುಂದೆ ನಿಂತಿರುವ ಕಬ್ಬಿಣದ ಕಂಬವನ್ನೂ ಲೋಹವಿಜ್ಞಾನಿಗಳು ಕುತೂಹಲದಿಂದ ಪರೀಕ್ಷಿಸಿದ್ದಾರೆ. ಈಗಿನ ಉಕ್ಕಿನಲ್ಲಿ, ಅದು ಪೆಡಸಾಗಬಾರದೆಂದು, ರಂಜಕವನ್ನು ಬೇಕೆಂದೇ ತೆಗೆದಿರುತ್ತಾರೆ. ಪ್ರಾಚೀನ ಲೋಹಕಾರನ ಕಬ್ಬಿಣಕ್ಕೆ ಒಡಲಿನಿಂದಲೇ ಒದಗುತ್ತಿದ್ದ ರಕ್ಷೆಯನ್ನು ನಾವು ಹೊರಗಿನಿಂದ, ಒಂದು ಸೀಸೆ ಆಮ್ಲದಿಂದ, ಒದಗಿಸಬೇಕಾಗಿದೆ.

ಆ ಫಾಸ್ಫೇಟಿನ ಪೊರೆಯ ಮೇಲೆ ರೆಡ್ ಆಕ್ಸೈಡ್ ಪ್ರೈಮರು, ಪ್ರೈಮರಿನ ಮೇಲೆ ಎರಡು ಕೈ ಎನಾಮಲ್ಲು. ಒಳಗಿನ ತಗ್ಗಿಗೂ ವಾಲ್ವಿನ ತೂತಿನ ಅಂಚಿಗೂ ಒಂದು ಕೈ ಹೆಚ್ಚಾಗಲಿ, ಹೊರಮೈಗೆ ಕಡಿಮೆಯಾದರೂ ಚಿಂತೆಯಿಲ್ಲ; ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ. ಬೆರಳಿಗೆ ಅಂಟದೆಂದ ಮಾತ್ರಕ್ಕೆ ಎನಾಮಲ್ಲು ಗಟ್ಟಿಯಾಯಿತೆಂದು ತಿಳಿಯಬಾರದು, ಅದಕ್ಕೆ ಇನ್ನೂ ಕೆಲವು ದಿನ ಬೇಕು; ಹಸಿಬಣ್ಣದ ಮೇಲೆ ಏರಿಸಿದ ಟೈರು ಅಂಟಿಕೊಂಡು ಮುಂದಿನ ಸಲ ಕಳಚುವಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಏರಿಸುವಾಗ ಅಂಚಿಗೆ ಸವರುವುದು ಸೋಪಿನ ನೀರಾಗಿರಲಿ. ಎಂಜಿನ್ನಿನಿಂದ ಬಸಿದ ಹಳೆಯ ಎಣ್ಣೆಯನ್ನು ಸವರುವ ಅಭ್ಯಾಸ ಕೆಟ್ಟದ್ದು, ಅದರಿಂದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಬಣ್ಣದ ಪರವಾಗಿ ಇಷ್ಟು ವಾದಿಸಿದ ಮೇಲೆ, ಬಣ್ಣ ಬಳಿಯಬಾರದ ಸ್ಥಳಗಳನ್ನೂ ಹೇಳದಿದ್ದರೆ ವಾದ ಏಕಪಕ್ಷೀಯವಾದೀತು. ಡಿಸ್ಕು ಹಬ್ಬಿಗೆ ತಾಗಿ ಕೂರುವ ಮುಖ, ರಿಮ್ಮೂ ಡಿಸ್ಕೂ ಸೇರುವ ಲಗ್ಗುಗಳ ಮುಖ, ನಟ್ಟು ಬಂದು ಕೂರುವ ಕುಳಿ, ಇಲ್ಲಿ ದಪ್ಪನೆಯ ಬಣ್ಣ ಅಪಾಯಕಾರಿ. ಗಾಲಿಯನ್ನು ಹಿಡಿದಿರುವುದು ಬೋಲ್ಟಿನ ಬಿಗಿತ. ಉಕ್ಕಿಗೂ ಉಕ್ಕಿಗೂ ನಡುವೆ ಮೆತ್ತನೆಯ ಬಣ್ಣದ ಪದರವಿದ್ದರೆ ಭಾರ ಬಿದ್ದಾಗ ಅದು ಜಜ್ಜಿ ಪಕ್ಕಕ್ಕೆ ಸರಿಯುತ್ತದೆ, ಸರಿದಷ್ಟೂ ಬಿಗಿತ ಕಳೆಯುತ್ತದೆ, ನಿನ್ನೆ ಮೈಯ ಬಲವೆಲ್ಲ ಹಾಕಿ ತಿರುಗಿಸಿದ ನಟ್ಟು ಇಂದು ಕೈಗೇ ತಿರುಗುತ್ತದೆ. ಆದಕಾರಣ ಆ ಮುಖಗಳಿಗೆ ತೆಳ್ಳನೆಯ ಪ್ರೈಮರಿಗಿಂತ ಹೆಚ್ಚು ಬೇಡ. ಕೆಲವು ಗಂಟೆ ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿಯತಕ್ಕದ್ದು. ಶೋಭೆಗಾಗಿ ಬಣ್ಣ ಬಳಿಯುವವನು ಈ ಮುಖಗಳಿಗೇ ಧಾರಾಳವಾಗಿ ಬಳಿದು, ಒಳತಗ್ಗನ್ನು ಮರೆಯುತ್ತಾನೆ. ಬೇಕಾದಲ್ಲಿ ಇಲ್ಲ, ಬೇಡವಾದಲ್ಲಿ ಉಂಟು.

ಉಳಿದದ್ದು ನೀರಿನ ಪ್ರಶ್ನೆ. ಟೈರು ಏರಿಸಿ ಗಾಳಿ ತುಂಬಿದ ಮೇಲೆ, ಹಿಂದಿನಂತೆಯೇ ನೀರು ಹೊಡೆಸಲೆ ಎಂದು ಅಂಗಡಿಯ ಹುಡುಗ ಕೇಳುತ್ತಾನೆ. ಹಿಂದಿನಂತೆಯೇ ಎಂದು ಒಡೆಯನೂ ತಲೆಯಾಡಿಸುತ್ತಾನೆ. ವರ್ಷದ ಬಹುಭಾಗ ಗದ್ದೆಯ ಕೆಸರಿನಲ್ಲೇ ಕಳೆಯುವ ಟ್ರ್ಯಾಕ್ಟರಿಗೆ ಆ ಭಾರದಿಂದ ಲಾಭವಿಲ್ಲ, ಅದು ಇನ್ನಷ್ಟು ಹೂತುಕೊಳ್ಳುವುದಕ್ಕೆ ಮಾತ್ರ ಸಹಾಯ. ಒಣಭೂಮಿಯಲ್ಲಿ ಆಳವಾಗಿ ಉಳುವುದಕ್ಕೆ ಭಾರ ಬೇಕೇಬೇಕೆಂದರೆ, ಡಿಸ್ಕಿಗೆ ಬೋಲ್ಟು ಹಾಕಿ ಕೂರಿಸುವ ಎರಕದ ತೂಕಗಳು ಸಿಕ್ಕುತ್ತವೆ; ಬೆಲೆ ಹೆಚ್ಚು, ಆದರೆ ಬೇಡವಾದಾಗ ಬಿಚ್ಚಿಡಬಹುದು, ರಿಮ್ಮಿಗೆ ಅವುಗಳಿಂದ ತೊಂದರೆಯೂ ಇಲ್ಲ. ಅದೂ ಆಗದು, ನೀರೇ ಗತಿ ಎನ್ನುವವರು ಸವುಳು ಬೋರನ್ನು ಬಿಟ್ಟು ಕಾಲುವೆಯ ಸಿಹಿನೀರನ್ನು ತುಂಬಿಸಲಿ, ವಾಲ್ವಿನ ಪಿನ್ನನ್ನು ಹೊಸದು ಹಾಕಿಸಿ ಮುಚ್ಚಳವನ್ನು ಕಳೆಯದಿರಲಿ, ಮತ್ತು ಟ್ಯೂಬಿಗೆ ತೇಪೆ ಹಾಕಿಸಲು ಗಾಲಿ ಬಿಚ್ಚಿದಾಗಲೆಲ್ಲ ವಾಲ್ವಿನ ತೂತಿನ ಸುತ್ತ ಬಣ್ಣ ನಿಂತಿದೆಯೆ ಎಂದು ಒಂದು ಬೆರಳಾಡಿಸಿ ನೋಡಲಿ.